ಪೈಲ್ಸ್ ಇದೆ, ಆಗಾಗ ರಕ್ತ ಹೋಗುತ್ತದೆ. ಮಲ ಪರೀಕ್ಷೆ ಸಾಕಾ, ಕ್ಯಾಮೆರಾ ನಳಿಕೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಕೊಲೊನೊಸ್ಕೋಪಿಯೇ ಬೇಕಾ?

ನಿಮಗೆ 41 ವಯಸ್ಸು, ಮನೆಯಲ್ಲಿ ಯಾರಿಗೂ ಕರುಳಿನ ಕ್ಯಾನ್ಸರ್ ಇಲ್ಲ, ಸಿಗರೇಟು, ಕುಡಿತ ಬಿಟ್ಟು ತೂಕವನ್ನೂ ಇಳಿಸಿದ್ದೀರಿ ಅಂತ ಬರೆದಿದ್ದೀರಿ. ಹಳೇ ಪೈಲ್ಸ್, ಈಚೆಗೆ ಸುಸ್ತು. ನಾನೂ ಹೀಗೇ ಇದ್ದೆ, ಕೊನೆಗೆ ಸಿಕ್ಕಿದ್ದು ದೊಡ್ಡ ಕರುಳಿನ ಕ್ಯಾನ್ಸರ್.

ನನಗೆ ಪೈಲ್ಸ್ ಇದ್ದದ್ದು ನಿಜ. ಡಾಕ್ಟರೇ ನೋಡಿ ಹೇಳಿದ್ದರು. ನಾನು ಎಡವಿದ್ದೂ ಅಲ್ಲೇ. ಆಮೇಲೆ ಯಾವಾಗ ರಕ್ತ ಕಂಡರೂ ಪೈಲ್ಸ್ ಲೆಕ್ಕಕ್ಕೇ ಹಾಕಿದೆ. ಮೊದಲೆಲ್ಲ ಕೊನೆಗೆ ಕೆಂಪಗೆ ನಾಲ್ಕು ಹನಿ ಬೀಳುತ್ತಿತ್ತು. ಬರಬರುತ್ತಾ ಅದು ಕಪ್ಪುಗೆಂಪಾಗಿ ಮಲದಲ್ಲೇ ಬೆರೆತು ಬರತೊಡಗಿತು. ಕಣ್ಣಿಗೆ ಬಿದ್ದಿತ್ತು. ಮುಲಾಮು ಬದಲಿಸಿದೆ, ಅಷ್ಟೇ. ಮೆಟ್ಟಿಲು ಹತ್ತಿದರೆ ಏದುಸಿರು ಬಂದಾಗ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು, ಐರನ್ ಮಾತ್ರೆ ಬರೆದುಕೊಟ್ಟರು. ಪೈಲ್ಸ್ ಇದೆ ಅಂದೆ, ಬಣ್ಣ ಬದಲಾದದ್ದನ್ನು ಹೇಳಲಿಲ್ಲ. ನಾಚಿಕೆ. ಆ ಮಾತ್ರೆಗೆ ಮಲ ಹೇಗೂ ಕಪ್ಪಾಗುತ್ತದೆ, ಹಾಗಾಗಿ ನೋಡುವುದನ್ನೂ ಬಿಟ್ಟೆ. ಹಿಮೋಗ್ಲೋಬಿನ್ ಏರಿತು, ನಿರಾಳವಾಯಿತು. ಸೋರುವ ಟ್ಯಾಂಕಿಗೆ ನೀರು ತುಂಬಿಸಿದ ಹಾಗೆ! ಐರನ್ ಇಳಿದದ್ದು ಯಾಕೆ ಅಂತ ನಾನು ಕೇಳಲೇ ಇಲ್ಲ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಾರಣ ತಿಳಿಯದೆ ಐರನ್ ಕಡಿಮೆಯಾದರೆ ಹೊಟ್ಟೆ, ಕರುಳಿನ ಒಳಗೆ ನೋಡಿಸಬೇಕು.

ನನಗೆ ಗೊತ್ತಾಗುವಷ್ಟರಲ್ಲಿ ಕ್ಯಾನ್ಸರ್ ಪಕ್ಕದ ಲಿಂಫ್ ಗ್ರಂಥಿಗಳಿಗೂ ಹಬ್ಬಿತ್ತು. ಕರುಳಿನ ಒಂದು ಭಾಗ ಕತ್ತರಿಸಿದರು. ಆಮೇಲೆ ಕೀಮೋ. ಆ ಔಷಧಿಗೆ ತಣ್ಣಗಿನದು ಮುಟ್ಟಿದರೆ ಆಗುತ್ತಿರಲಿಲ್ಲ, ಫ್ರಿಜ್‌ನಿಂದ ಬಾಟಲಿ ತೆಗೆದರೆ ಸಾಕು, ಬೆರಳೆಲ್ಲ ಚುರುಚುರು ಅನ್ನುತ್ತಿತ್ತು.

ಈಗ ನಿಮ್ಮ ಪ್ರಶ್ನೆ. ಅದಾ ಇದಾ ಅನ್ನುವ ಆಯ್ಕೆ ಏನೂ ತೊಂದರೆ ಇಲ್ಲದವರಿಗೆ. ಅಂಥವರು 50ರ ಬದಲು 45ಕ್ಕೇ ತಪಾಸಣೆ ಶುರು ಮಾಡಲಿ ಅಂತ ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ಹೇಳಿತು. ವರ್ಷಕ್ಕೊಮ್ಮೆ ಮಲದ ಫಿಟ್ ಪರೀಕ್ಷೆ (ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ನೋಡುವುದು), ಇಲ್ಲವೇ 10 ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ. ನಿಮಗೆ ರಕ್ತವೇ ಹೋಗುತ್ತಿದೆ, ಅಲ್ವಾ? ಇದೆಯೋ ಇಲ್ಲವೋ ಅಂತ ಹುಡುಕುವುದೇನು ಬಂತು, ಎಲ್ಲಿಂದ ಅಂತ ನೋಡಬೇಕು.

ಮನೆಯಲ್ಲಿ ಯಾರಿಗೂ ಇಲ್ಲ ಅಂದಿರಿ. ಈ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರ ಮನೆಯಲ್ಲೂ ಯಾರಿಗೂ ಇರುವುದಿಲ್ಲ. ಸಿಗರೇಟು, ಕುಡಿತ ಬಿಟ್ಟಿದ್ದು, ತೂಕ ಇಳಿಸಿದ್ದು ತುಂಬಾ ಒಳ್ಳೆಯದು, ಅಪಾಯ ಕಡಿಮೆಯಾಗುತ್ತದೆ. ಆದರೆ ಒಳಗೆ ಆಗಲೇ ಪಾಲಿಪ್ ಬೆಳೆದಿದ್ದರೆ ಇಷ್ಟಕ್ಕೇ ಅದು ಕರಗಿ ಹೋಗುವುದಿಲ್ಲ. ಪಾಲಿಪ್ ಅಂದರೆ ಕರುಳಿನ ಒಳಗೋಡೆಯ ಸಣ್ಣ ಗಂಟು. ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ, ಆಗುವಂಥದ್ದಕ್ಕೂ ಸಾಮಾನ್ಯವಾಗಿ 10 ವರ್ಷದ ಹತ್ತಿರ ಹಿಡಿಯುತ್ತದೆ. ನನಗೆ ಬಂದ ಮೇಲೆ ತಮ್ಮನಿಗೂ ಕೊಲೊನೊಸ್ಕೋಪಿ ಮಾಡಿಸಿದೆವು. ಒಡಹುಟ್ಟಿದವರಿಗೋ ಹೆತ್ತವರಿಗೋ ಬಂದಿದ್ದರೆ 40ಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಬೇಗವೋ ಆಗ ಮಾಡಿಸಿ ಅನ್ನುತ್ತಾರೆ. ಅವನಿಗೆ ಪಾಲಿಪ್ ಸಿಕ್ಕಿತು, ಅಲ್ಲೇ ತೆಗೆದರು. ಸಂಜೆ ಮನೆಯಲ್ಲಿದ್ದ.

ಹೆದರಬೇಡಿ, ನಿದ್ದೆ ಬರುವ ಇಂಜೆಕ್ಷನ್ ಕೊಡುತ್ತಾರೆ. ಕಷ್ಟ ಅಂದರೆ ಹಿಂದಿನ ದಿನ ಕರುಳು ತೊಳೆಯಲು ಕುಡಿಯುವ ಔಷಧಿ ನೀರು. ತಣ್ಣಗೆ ಮಾಡಿಕೊಂಡರೆ ಒಳಗಿಳಿಯುತ್ತದೆ. ಈ ವಾರವೇ ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಹೋಗಿ. ರಕ್ತದ ಬಣ್ಣ ಏನು, ಮಲದ ಮೇಲಾ ಒಳಗಾ, ಎಷ್ಟು ದಿನದಿಂದ, ತೂಕ ಇಳಿದಿದೆಯಾ, ಎಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಲು ಸಂಕೋಚವಾದರೆ ಚೀಟಿಯನ್ನೇ ಕೊಟ್ಟುಬಿಡಿ.