ಔಟ್‌ಪುಟ್ ಬಂತು ಮೇಡಂ, ಆದರೆ ಅರ್ಥ ಆಗಲಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಕಂಪ್ಯೂಟರ್ ಓದುವ ಮಕ್ಕಳದು, ಇಲ್ಲವೇ ಅವರ ಮನೆಯವರದು. ಕಾಲೇಜು ಶುರುವಾಗಿ ಮೊದಲ ಇಂಟರ್ನಲ್ಸ್ ಮುಗಿಯುತ್ತಿದ್ದ ಹಾಗೆ ಇಂಥ ಪತ್ರಗಳು ಬರುತ್ತವೆ. ಮೊದಲನೆಯದಕ್ಕೆ ಉದ್ದ ಉತ್ತರ ಬರೆದಿದ್ದೇನೆ, ಅದು ತುಂಬಾ ಜನರ ಪ್ರಶ್ನೆ.

ಪ್ರಶ್ನೆ: ಹತ್ತನೇ ತನಕ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಓದಿದೆ. ಪಿಯುಸಿ ಹೇಗೋ ಇಂಗ್ಲಿಷ್‌ನಲ್ಲಿ ದಾಟಿದೆ. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ಸಿ ಭಾಷೆಯ ಲ್ಯಾಬ್‌ನಲ್ಲಿ ಮ್ಯಾನುಯಲ್ ನೋಡಿ ಟೈಪ್ ಮಾಡುತ್ತೇನೆ, ಔಟ್‌ಪುಟ್ ಬರುತ್ತದೆ, ಏನಾಯಿತು ಅಂತ ಮಾತ್ರ ಗೊತ್ತಾಗುವುದಿಲ್ಲ. ಪಕ್ಕದವರಿಗೆ ಎಲ್ಲಾ ಮೊದಲೇ ಬರುತ್ತದೆ. ತಪ್ಪು ಬ್ರಾಂಚ್ ತಗೊಂಡೆನಾ?
ಹೆಸರು ಬೇಡ, ರಾಣೆಬೆನ್ನೂರು

ಇಲ್ಲ ತಂಗಿ, ಬ್ರಾಂಚ್ ತಪ್ಪಾಗಿಲ್ಲ. ನಾನೂ ಹತ್ತನೇ ತನಕ ಕನ್ನಡದಲ್ಲೇ ಓದಿದವಳು. ಮೊದಲ ವರ್ಷದ ಲ್ಯಾಬ್‌ನಲ್ಲಿ ಎರಡು ಸಂಖ್ಯೆಗಳ ಜಿಸಿಡಿ ಕಂಡುಹಿಡಿಯುವ ಪ್ರೋಗ್ರಾಂ ಕೊಟ್ಟರು. ಎರಡು ವಾರ ಅದನ್ನು ಬಾಯಿಪಾಠ ಮಾಡಿದೆ. ಒಂದು ರಾತ್ರಿ ಹಾಸ್ಟೆಲ್‌ನಲ್ಲಿ ಗೆಳತಿ ಹೇಳಿದಳು, ಅದು ನಮ್ಮ ಮ.ಸಾ.ಅ. ಕಣೇ, ಶಾಲೆಯಲ್ಲಿ ಮಾಡಿದ್ದೇ ಅಲ್ವಾ ಅಂತ. ಆಗ ಕೂತು 48 ಮತ್ತು 18 ಬರೆದೆ. 48ನ್ನು 18ರಿಂದ ಭಾಗಿಸಿದರೆ ಶೇಷ 12. 18ನ್ನು 12ರಿಂದ ಭಾಗಿಸಿದರೆ ಶೇಷ 6. 12ನ್ನು 6ರಿಂದ ಭಾಗಿಸಿದರೆ ಶೇಷ ಸೊನ್ನೆ, ಅಲ್ಲಿಗೆ ನಿಲ್ಲಿಸು, ಉತ್ತರ 6, ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ. ಪ್ರೋಗ್ರಾಂನ ಒಂದೊಂದು ಸಾಲೂ ಇದನ್ನೇ ಹೇಳುತ್ತಿತ್ತು. ಲೆಕ್ಕ ನನಗೆ ಬರುತ್ತಿತ್ತು, ಅದರ ಇಂಗ್ಲಿಷ್ ಹೆಸರು ಗೊತ್ತಿರಲಿಲ್ಲ ಅಷ್ಟೇ.

ನಿನ್ನ ಪತ್ರದಲ್ಲೂ ಎರಡು ಕಷ್ಟ ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಇಂಗ್ಲಿಷ್, ಇನ್ನೊಂದು ಪ್ರೋಗ್ರಾಮಿಂಗ್. ಎರಡನ್ನೂ ಬೇರೆ ಬೇರೆ ಇಟ್ಟು ನೋಡು. ಒಂದು ನೋಟ್‌ಬುಕ್ ಇಟ್ಟುಕೋ, ಎಡಗಡೆ ಇಂಗ್ಲಿಷ್ ಪದ, ಬಲಗಡೆ ನಿನಗೆ ಶಾಲೆಯಲ್ಲಿ ಗೊತ್ತಿದ್ದ ಹೆಸರು. ಪ್ರೈಮ್ ನಂಬರ್ ಎಂದರೆ ಅವಿಭಾಜ್ಯ ಸಂಖ್ಯೆ, ರಿಮೈಂಡರ್ ಎಂದರೆ ಶೇಷ. ಸ್ವಲ್ಪ ದಿನ ಆದಮೇಲೆ ಈ ಪುಸ್ತಕ ತೆರೆಯುವುದೇ ಕಡಿಮೆಯಾಗುತ್ತದೆ, ನೋಡುತ್ತಿರು.

ಇನ್ನು ಪ್ರೋಗ್ರಾಮಿಂಗ್. ಕಂಪ್ಯೂಟರ್ ಮುಂದೆ ಕೂರುವ ಮೊದಲು ಪೇಪರ್ ಮೇಲೆ ಓಡಿಸು. ಒಂದರಿಂದ ಐದರವರೆಗೆ ಕೂಡುವ ಲೂಪ್ ತಗೋ, ಲೂಪ್ ಅಂದರೆ ಷರತ್ತು ಸರಿ ಇರುವ ತನಕ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಸಾಲುಗಳು. ಎರಡು ಕಾಲಂ ಹಾಕು, ಒಂದರಲ್ಲಿ ಈಗಿನ ಸಂಖ್ಯೆ, ಇನ್ನೊಂದರಲ್ಲಿ ಮೊತ್ತ. ಮೊತ್ತದ ಕಾಲಂನಲ್ಲಿ 0, 1, 3, 6, 10, 15 ಹೀಗೆ ಇಳಿಯುತ್ತಾ ಹೋಗುತ್ತದೆ. ಈಗ ಷರತ್ತಿನಲ್ಲಿ 'ಐದಕ್ಕಿಂತ ಕಡಿಮೆ ಅಥವಾ ಸಮ' ಎಂದು ಇದ್ದದ್ದನ್ನು ಬರೀ 'ಕಡಿಮೆ' ಮಾಡು. ಎಷ್ಟು ಬರುತ್ತದೆ ಅಂತ ಮೊದಲು ನೀನೇ ಬರೆ, ಆಮೇಲೆ ಓಡಿಸು. 10 ಬರುತ್ತದೆ. ನಿನ್ನ ಊಹೆ ಸರಿಯಾಯಿತಾ, ಲೂಪ್ ನಿನಗೆ ಅರ್ಥವಾಯಿತು ಅಂತಲೇ ಲೆಕ್ಕ. ತಪ್ಪಾಯಿತಾ, ಎಲ್ಲಿ ಎಡವಿದೆ ಅಂತ ಅದೇ ಪೇಪರ್ ತೋರಿಸುತ್ತದೆ. ಪ್ರತಿ ಲ್ಯಾಬ್ ಪ್ರೋಗ್ರಾಂ ಓಡಿದ ಮೇಲೆ ಅದನ್ನು ಬೇಕೆಂದೇ ಒಂದು ಕಡೆ ಕೆಡಿಸು. ಒಂದು ಸೆಮಿಕೋಲನ್ ತೆಗೆ, ಯಾವ ಸಂದೇಶ ಬರುತ್ತದೆ ಓದು. ತಪ್ಪು ಒಂದು ಸಾಲಿನಲ್ಲಿದ್ದರೂ ಕಂಪೈಲರ್, ಅಂದರೆ ನಿನ್ನ ಪ್ರೋಗ್ರಾಂ ಓದಿ ಕಂಪ್ಯೂಟರ್ ಭಾಷೆಗೆ ತಿರುಗಿಸುವ ಸಾಧನ, ಎಷ್ಟೋ ಸಲ ಅದರ ಮುಂದಿನ ಸಾಲನ್ನು ತೋರಿಸುತ್ತದೆ, ಇದು ಗೊತ್ತಿಲ್ಲದೆ ಗಂಟೆಗಟ್ಟಲೆ ತಲೆ ಕೆಡಿಸಿಕೊಂಡವರು ಎಷ್ಟು ಜನ! 'ಎಕ್ಸ್‌ಪೆಕ್ಟೆಡ್' ಅಂದರೆ ಇಲ್ಲಿ ಏನೋ ಇರಬೇಕಿತ್ತು, ಇಲ್ಲ. 'ಅನ್‌ಡಿಕ್ಲೇರ್ಡ್' ಅಂದರೆ ಈ ಹೆಸರನ್ನು ನೀನು ಮೊದಲು ಹೇಳಿಯೇ ಇಲ್ಲ. ಇಂಥ ಹತ್ತು ಹನ್ನೆರಡು ಪದ ಗೊತ್ತಾದರೆ ಮೊದಲ ವರ್ಷದ ಬಹುಪಾಲು ತಪ್ಪುಗಳನ್ನು ನೀನೇ ಸರಿ ಮಾಡಬಹುದು.

ಪಕ್ಕದವರ ವಿಷಯ. ಅವರಲ್ಲಿ ಹಲವರು ಪಿಯುಸಿಯಲ್ಲಿ ಪಿಸಿಎಂಸಿ ತಗೊಂಡಿರುತ್ತಾರೆ, ಎರಡು ವರ್ಷ ಕಂಪ್ಯೂಟರ್ ಸೈನ್ಸ್ ಓದಿ ಬಂದಿರುತ್ತಾರೆ. ನೀನು ಪಿಸಿಎಂಬಿ ಓದಿದ್ದರೆ ನಿನಗಿದು ಎರಡನೇ ತಿಂಗಳು. ಅವರಿಗೆ ಬುದ್ಧಿ ಜಾಸ್ತಿ ಅಂತ ಅಲ್ಲ, ಬೇಗ ಶುರು ಮಾಡಿದ್ದಾರೆ. ಅವರಲ್ಲೇ ಒಬ್ಬರನ್ನು ಹಿಡಿದು, ಈ ಸಾಲು ಯಾಕೆ ಅಂತ ಕೇಳು. ಹೇಳಿಕೊಡುವುದಕ್ಕೆ ಬಹಳಷ್ಟು ಮಕ್ಕಳಿಗೆ ಖುಷಿಯೇ ಇರುತ್ತದೆ.

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಅಂತ ಇದೆ, ಅಲ್ಲಿ ಹಲವು ಪಾಠಗಳಿಗೆ ಕನ್ನಡದ ಧ್ವನಿ ಇದೆ, ದುಡ್ಡು ಕೊಡಬೇಕಿಲ್ಲ. ಮೊದಲು ಕನ್ನಡದಲ್ಲಿ ಕೇಳು, ಆಮೇಲೆ ಅದೇ ಪಾಠ ಇಂಗ್ಲಿಷ್‌ನಲ್ಲಿ ಕೇಳು.

ಪ್ರಶ್ನೆ: ಮೇಡಂ, ಮಗ ಬಿಸಿಎ ಐದನೇ ಸೆಮಿಸ್ಟರ್. ರಾತ್ರಿಯೆಲ್ಲಾ ಲ್ಯಾಪ್‌ಟಾಪ್ ಮುಂದೆ ಇರುತ್ತಾನೆ, ಓದುತ್ತಾನೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಈಗ ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್‌ನವರು ಅರವತ್ತು ಸಾವಿರ ಕಟ್ಟಿದರೆ ಕೆಲಸ ಗ್ಯಾರಂಟಿ ಅನ್ನುತ್ತಿದ್ದಾರೆ. ಕಟ್ಟಬಹುದಾ?
ಒಬ್ಬ ತಾಯಿ, ಅರಸೀಕೆರೆ

ಅಮ್ಮಾ, ದಯವಿಟ್ಟು ಈಗಲೇ ಕಟ್ಟಬೇಡಿ. ಕೆಲಸ ಕೊಡುವುದು ಕಂಪನಿ. ತರಬೇತಿ ಕೊಡುವವರು ಅದಕ್ಕೆ ಗ್ಯಾರಂಟಿ ಹೇಗೆ ಕೊಡುತ್ತಾರೆ? ಕಾಗದದ ಮೇಲೆ ಏನು ಬರೆದಿದೆ ಅಂತ ಕೇಳಿ. ಕೆಲಸ ಸಿಗದಿದ್ದರೆ ದುಡ್ಡು ವಾಪಸ್ಸಾ, ಎಷ್ಟು ದಿನದಲ್ಲಿ, ಯಾವ ಷರತ್ತಿಗೆ, ಇದೆಲ್ಲ ಬರವಣಿಗೆಯಲ್ಲಿ ಇರಬೇಕು. ಕೆಲವು ಕಡೆ ಕಂತಿನಲ್ಲಿ ಕಟ್ಟಿ ಸಾಕು ಎಂದು ಸಹಿ ಹಾಕಿಸಿಕೊಳ್ಳುವ ಪತ್ರ ಫೈನಾನ್ಸ್ ಕಂಪನಿಯ ಸಾಲದ ಪತ್ರವಾಗಿರುತ್ತದೆ. ಕ್ಲಾಸ್ ಅರ್ಧಕ್ಕೆ ಬಿಟ್ಟರೂ ಸಾಲ ನಿಲ್ಲುವುದಿಲ್ಲ. ಒರಿಜಿನಲ್ ಅಂಕಪಟ್ಟಿ ಯಾರ ಕೈಗೂ ಕೊಡಬೇಡಿ. ಕೆಲಸದ ಹೆಸರಲ್ಲಿ ಯಾರಾದರೂ ಡೆಪಾಸಿಟ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಎಲ್ಲ ಕೋರ್ಸೂ ಮೋಸ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯದಾಗಿ ಕಲಿಸುವವರೂ ಇದ್ದಾರೆ. ಆದರೆ ಐಐಟಿ, ಐಐಎಸ್‌ಸಿಯ ಮೇಷ್ಟ್ರುಗಳ ಪಾಠ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಪರೀಕ್ಷೆಗೆ ಸಣ್ಣ ಫೀಸು. ಮಗ ಅದರಲ್ಲಿ ಒಂದು ಕೋರ್ಸ್ ಪೂರ್ತಿ ಮುಗಿಸಲಿ, ವಾರವಾರದ ಅಸೈನ್‌ಮೆಂಟ್ ಸಮೇತ. ಅದನ್ನು ಮುಗಿಸುವ ಹುಡುಗನಿಗೆ ಅರವತ್ತು ಸಾವಿರದ ಕೋರ್ಸ್ ಬೇಕಾ ಬೇಡವಾ ಅಂತ ಅವನಿಗೇ ಗೊತ್ತಾಗುತ್ತದೆ. ಅರ್ಧಕ್ಕೆ ಬಿಟ್ಟರೆ ದುಡ್ಡು ಕೊಟ್ಟದ್ದನ್ನೂ ಬಿಡುವ ಸಾಧ್ಯತೆ ಜಾಸ್ತಿ.

ಓದುತ್ತಾನೋ ಇಲ್ಲವೋ ತಿಳಿಯಲು ನಿಮಗೆ ಕಂಪ್ಯೂಟರ್ ಬರಬೇಕಿಲ್ಲ. ಭಾನುವಾರ ಕಾಫಿ ಕೊಟ್ಟು, ಈ ವಾರ ಏನು ಮಾಡಿದೆಯೋ ನನಗೂ ಸ್ವಲ್ಪ ತೋರಿಸು ಅನ್ನಿ. ಬೈಯುವ ದನಿ ಬೇಡ. ಮಾಡಿದವನು ಅಮ್ಮನಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಹೇಳಬಲ್ಲ. ನಾಳೆ ಇಂಟರ್ವ್ಯೂನಲ್ಲಿ ಕೇಳುವುದೂ ಇದನ್ನೇ. ಹೇಳಲು ಬರದೆ ಸಿಡುಕಿದರೆ ಏನೋ ಕಷ್ಟದಲ್ಲಿ ಸಿಕ್ಕಿಕೊಂಡಿರಬಹುದು, ಬ್ಯಾಕ್‌ಲಾಗ್ ಇದ್ದು ಮನೆಯಲ್ಲಿ ಹೇಳದೇ ಇರಬಹುದು. ಆಗ ಮೊದಲು ಪಕ್ಕದಲ್ಲಿ ಕೂತುಕೊಳ್ಳಿ, ಲೆಕ್ಕ ಆಮೇಲೆ.

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಿದ್ದೇನೆ. ಗಣಿತ ತಲೆಗೆ ಹತ್ತುತ್ತಿಲ್ಲ. ಕ್ಲಾಸಿನಲ್ಲಿ ಎಲ್ಲರೂ ಒಂದು ವರ್ಷದಿಂದ ಗೆಳೆಯರು, ನಾನು ಹೊರಗಿನವನು ಅನ್ನಿಸುತ್ತದೆ.
ಕಲಬುರಗಿ

ತಮ್ಮಾ, ನಿನ್ನ ಕೈಯಲ್ಲಿ ಮೂರು ವರ್ಷದ ಲ್ಯಾಬ್ ಅಭ್ಯಾಸ ಇದೆ, ಕ್ಲಾಸಿನ ಬೇರೆಯವರಿಗೆ ಅದಿಲ್ಲ. ಗಣಿತದಲ್ಲಿ ಮಾತ್ರ ನೀನು ನಿಜವಾಗಿ ಹಿಂದಿದ್ದೀಯ. ಅದನ್ನು ಒಪ್ಪಿಕೊಂಡು ಪಿಯುಸಿ ಪುಸ್ತಕದ ಮ್ಯಾಟ್ರಿಕ್ಸ್, ಡಿಫರೆನ್ಸಿಯೇಶನ್, ಇಂಟಿಗ್ರೇಶನ್ ಈ ಮೂರನ್ನು ಮೊದಲ ತಿಂಗಳಲ್ಲೇ ಮಾಡಿ ಮುಗಿಸು. ನೀನು ಅವರಿಗೆ ಲ್ಯಾಬ್ ಹೇಳಿಕೊಡು, ಅವರು ನಿನಗೆ ಗಣಿತ ಹೇಳಿಕೊಡಲಿ. ಗೆಳೆತನ ಹಾಗೇ ಶುರುವಾಗುತ್ತದೆ.

ಪ್ರಶ್ನೆ: ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಅರವತ್ತು ಮಕ್ಕಳು, ಇಪ್ಪತ್ತೆರಡು ಸಿಸ್ಟಂ, ಅದರಲ್ಲೂ ಕೆಲವು ಕೆಟ್ಟಿವೆ. ಎಲ್ಲರೂ ಸೀನಿಯರ್‌ಗಳ ರೆಕಾರ್ಡ್ ನೋಡಿ ಇಳಿಸುತ್ತಾರೆ. ಏನು ಮಾಡಲಿ?
ಉಪನ್ಯಾಸಕರು, ಚಿತ್ರದುರ್ಗ ಜಿಲ್ಲೆ

ಸರ್, ಸಿಸ್ಟಂ ಕಡಿಮೆ ಇರುವುದು ದೊಡ್ಡ ಕಷ್ಟ, ಅದನ್ನು ಮೇಲಿನವರಿಗೆ ಬರೆಯುತ್ತಲೇ ಇರಿ. ಅಲ್ಲಿಯವರೆಗೆ ಒಂದು ಉಪಾಯ ಹೇಳುತ್ತೇನೆ. 2006ರಲ್ಲಿ ನ್ಯೂಜಿಲೆಂಡ್‌ನ ಒಟಾಗೊ ಪಾಲಿಟೆಕ್ನಿಕ್‌ನಲ್ಲಿ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ ಎಂಬ ಇಬ್ಬರು ಹೊಸಬರಿಗಾಗಿ ಒಂದು ಥರದ ಒಗಟು ಮಾಡಿದರು. ಪ್ರೋಗ್ರಾಂನ ಸಾಲುಗಳನ್ನು ಕಲಸಿ ಕೊಡುವುದು, ಮಕ್ಕಳು ಸರಿಯಾದ ಕ್ರಮದಲ್ಲಿ ಜೋಡಿಸುವುದು. ಅವರದು ಕಂಪ್ಯೂಟರ್ ಮೇಲೆ ಆಡುವಂಥದ್ದು, ಆದರೆ ಚೀಟಿಯಲ್ಲೂ ಚೆನ್ನಾಗಿ ನಡೆಯುತ್ತದೆ. ನಾನು ಬೈನರಿ ಸರ್ಚ್‌ನ (ಕ್ರಮವಾಗಿರುವ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವ ವಿಧಾನ) ಸಾಲುಗಳನ್ನು ಪ್ರಿಂಟ್ ಹಾಕಿ, ಕತ್ತರಿಸಿ, ಕವರ್‌ನಲ್ಲಿ ಕೊಡುತ್ತಿದ್ದೆ, ಬೇಕೆಂದೇ ಒಂದು ತಪ್ಪು ಸಾಲನ್ನೂ ಸೇರಿಸಿ. ನಾಲ್ಕು ನಾಲ್ಕು ಜನ ನೆಲದ ಮೇಲೆ ಕೂತು ಜಗಳ ಆಡುತ್ತಾ ಜೋಡಿಸುತ್ತಿದ್ದರು. ಎಂದೂ ಬಾಯಿ ಬಿಡದ ಹುಡುಗಿ, 'ಇದು ಲೂಪ್ ಒಳಗೆ ಬರಲೇಬೇಕು' ಅಂತ ಚೀಟಿ ಕಿತ್ತುಕೊಂಡದ್ದು ನನಗೆ ಇನ್ನೂ ನೆನಪಿದೆ.

ಸಿಸ್ಟಂ ಸಿಕ್ಕವರನ್ನು ಇಬ್ಬಿಬ್ಬರಾಗಿ ಕೂರಿಸಿ. ಒಬ್ಬರು ಟೈಪ್ ಮಾಡಲಿ, ಇನ್ನೊಬ್ಬರು ಹೇಳಲಿ, ಹದಿನೈದು ನಿಮಿಷಕ್ಕೆ ಜಾಗ ಬದಲಾಯಿಸಲಿ. ಜಾಗ ಬದಲಾಯಿಸದಿದ್ದರೆ ಜೋರಿನ ಹುಡುಗನೇ ಕೀಬೋರ್ಡ್ ಹಿಡಿದುಕೊಳ್ಳುತ್ತಾನೆ. ಇನ್ನು ವೈವಾದಲ್ಲಿ ವ್ಯಾಖ್ಯೆ ಕೇಳುವ ಬದಲು, ಅವರದೇ ರೆಕಾರ್ಡ್‌ನ ಒಂದು ಸಾಲು ಬದಲಿಸಿ, ಈಗ ಏನು ಬರುತ್ತದೆ ಎಂದು ಕೇಳಿ. ಕನ್ನಡದಲ್ಲಿ ಉತ್ತರ ಹೇಳಿದರೂ ಪೂರ್ತಿ ಅಂಕ ಕೊಡಿ.

ಪ್ರಶ್ನೆ: ಫೈನಲ್ ಇಯರ್ ಇದ್ದೇವೆ. ನಮ್ಮ ಬ್ಯಾಚ್‌ನ ಮೂವರು ಅಂಗಡಿಯಿಂದ ರೆಡಿ ಪ್ರಾಜೆಕ್ಟ್ ಕೊಳ್ಳೋಣ ಅನ್ನುತ್ತಿದ್ದಾರೆ. ಹೇಗಿದ್ದರೂ ಈಗ ಕೋಡ್ ಎಲ್ಲಾ ಎಐ ಬರೆಯುತ್ತದೆ, ಸುಮ್ನೆ ಕಷ್ಟ ಯಾಕೆ ಅಂತ.
ಹೆಸರು ಬೇಡ, ತುಮಕೂರು

ಕೊಳ್ಳಬೇಡಿ. ನಿಮ್ಮ ಹೆಸರು ಹಾಕಿ ಬೇರೆಯವರ ಕೆಲಸ ಒಪ್ಪಿಸುವುದು ಸುಳ್ಳು, ಅದು ಮೊದಲ ಕಾರಣ. ಎರಡನೆಯದು, ಕೆಲಸಕ್ಕೆ ಹೋದಾಗ ರೆಸ್ಯೂಮೆ ನೋಡಿ ಕೇಳುವ ಮೊದಲ ಪ್ರಶ್ನೆಯೇ ಪ್ರಾಜೆಕ್ಟ್ ಬಗ್ಗೆ. ಈ ಡೇಟಾಬೇಸ್ ಯಾಕೆ, ಇಬ್ಬರು ಒಂದೇ ಸಲ ಸೇವ್ ಮಾಡಿದರೆ ಏನಾಗುತ್ತದೆ? ಮಾಡದವರಿಗೆ ಎರಡನೇ ಪ್ರಶ್ನೆಗೇ ಗಂಟಲು ಒಣಗುತ್ತದೆ.

ವಿಷಯ ಹುಡುಕಿ ದೂರ ಹೋಗಬೇಡಿ. ನಮ್ಮ ಭಾಷೆಯಲ್ಲೇ ಎಷ್ಟು ಕೆಲಸ ಬಾಕಿ ಇದೆ ನೋಡಿ. 'ಕನ್ನಡ' ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಪೈಥಾನ್‌ನಲ್ಲಿ ಉದ್ದ ಕೇಳಿದರೆ 5 ಅನ್ನುತ್ತದೆ, ಯಾಕೆಂದರೆ ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರ, ಗುರುತುಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಅದು ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ. ಸಿ ಭಾಷೆಯಲ್ಲಿ ಕೇಳಿದರೆ 15, ಅದು ಬೈಟ್ ಎಣಿಸುತ್ತದೆ, ಯೂನಿಕೋಡ್ ಅನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಇವು ಒಂದೊಂದಕ್ಕೂ ಮೂರು ಬೈಟ್. 'ಮೈಸೂರು' ತಿರುಗಿಸಿದರೆ ನಮಗೆ 'ರುಸೂಮೈ' ಬೇಕು, ಪುಸ್ತಕದಲ್ಲಿರುವ ಪೈಥಾನ್ ಸ್ಟ್ರಿಂಗ್ ರಿವರ್ಸ್ ಪ್ರೋಗ್ರಾಂ ಒಂದು ಕೊಂಬನ್ನು ಒಂಟಿಯಾಗಿ ಮುಂದೆ ನಿಲ್ಲಿಸಿ 'ರೂಸೈಮ' ಕೊಡುತ್ತದೆ. ಇಷ್ಟನ್ನೇ ಹಿಡಿದು ನಿಮ್ಮ ಕಾಲೇಜು ಲೈಬ್ರರಿಯ ಕನ್ನಡ ಪುಸ್ತಕಗಳಿಗೆ ಸರಿಯಾದ ಹುಡುಕಾಟ ಮಾಡಿ. ಒಂದು ಸಣ್ಣ ಕಾಗುಣಿತ ತಪ್ಪಿದ್ದರೂ ಪುಸ್ತಕ ಸಿಗಬೇಕು. ಇಲ್ಲವೇ ಊರಿನ ಹಾಲಿನ ಡೇರಿಗೆ ಹೋಗಿ, ಲೀಟರ್, ಫ್ಯಾಟ್, ಬಟವಾಡೆ ಹೇಗೆ ಬರೆಯುತ್ತಾರೆ ಅಂತ ಒಂದು ವಾರ ನೋಡಿ ಬನ್ನಿ.

ಎಐ ಬಳಸಿ, ನಾನೂ ಬಳಸುತ್ತೇನೆ. ಆದರೆ ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ, ಅದು ಕೊಟ್ಟ ಒಂದು ಸಾಲನ್ನು ವಿವರಿಸಲು ನಿಮಗೆ ಬರದಿದ್ದರೆ ಆ ಸಾಲನ್ನು ಪ್ರಾಜೆಕ್ಟ್ ಒಳಗೆ ಸೇರಿಸಬಾರದು. ಕೆಲಸವನ್ನು ಮೊದಲ ದಿನದಿಂದ ಗಿಟ್‌ನಲ್ಲಿ ಇಡಿ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ತಾವೇ ಶುರು ಮಾಡಿದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕೆಲಸಕ್ಕೆಂದು ಮಾಡಿದ ಈ ಸಾಧನ ಈಗ ಹೆಚ್ಚುಕಡಿಮೆ ಎಲ್ಲ ಕಂಪನಿಯಲ್ಲೂ ಇದೆ. ಯಾರು ಯಾವ ದಿನ ಏನು ಬದಲಿಸಿದರು ಅಂತ ಅದರಲ್ಲಿ ಉಳಿಯುತ್ತದೆ. ನಾಲ್ಕು ತಿಂಗಳ ದಿನಚರಿ ತೋರಿಸುವ ಹುಡುಗನನ್ನು ನಂಬುವುದು ಸುಲಭ.

ಪ್ರಶ್ನೆ: ಬಿಇ ಮುಗಿದು ಒಂದು ವರ್ಷ. ಕ್ಯಾಂಪಸ್‌ನಲ್ಲಿ ಆಗಲಿಲ್ಲ. ಮನೆಯಲ್ಲಿ ತೋಟದ ಕೆಲಸ ಮಾಡಿಕೊಂಡಿದ್ದೇನೆ. ಮದುವೆ ಮನೆಗೆ ಹೋದರೆ ಎಲ್ಲರೂ ಅದನ್ನೇ ಕೇಳುತ್ತಾರೆ, ಹೋಗುವುದನ್ನೇ ಬಿಟ್ಟಿದ್ದೇನೆ.
ಶಿರಸಿ

ನಿನ್ನ ಪತ್ರ ಓದಿ ಮನಸ್ಸಿಗೆ ತುಂಬಾ ಬೇಜಾರಾಯಿತು. ಒಂದು ವರ್ಷ ಖಾಲಿ ಹೋಗಿದೆ ಅಂತ ನಾನು ಒಪ್ಪುವುದಿಲ್ಲ, ತೋಟ ನೋಡಿಕೊಂಡಿದ್ದೀಯ. ಆದರೆ ಎಷ್ಟೋ ಕಂಪನಿಗಳು ಇಂಥ ವರ್ಷ ಪಾಸಾದವರು ಅಂತ ಮಿತಿ ಹಾಕುತ್ತವೆ, ಆದ್ದರಿಂದ ತಡ ಮಾಡಬೇಡ. ಕೇಂದ್ರ ಸರ್ಕಾರದ ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ಇವತ್ತೇ ನೋಂದಣಿ ಮಾಡಿಸು. ಪದವೀಧರರಿಗೆ ಒಂದು ವರ್ಷದ ಅಪ್ರೆಂಟಿಸ್ ಕೆಲಸ, ಸ್ಟೈಪೆಂಡ್ ಇರುತ್ತದೆ, ಕೊನೆಗೆ ಪ್ರಮಾಣಪತ್ರ. ಬೆಂಗಳೂರನ್ನೊಂದೇ ನೋಡಬೇಡ, ಹುಬ್ಬಳ್ಳಿ, ಮಂಗಳೂರು, ಮೈಸೂರಿನಲ್ಲೂ ಕಂಪನಿಗಳಿವೆ. ಟೆಸ್ಟಿಂಗ್, ಸಪೋರ್ಟ್ ಕೆಲಸಗಳಿಗೂ ಅರ್ಜಿ ಹಾಕು, ಅಲ್ಲಿಂದ ಒಳಗೇ ಬೇರೆ ಟೀಮ್‌ಗೆ ಹೋದವರು ನನ್ನ ವಿದ್ಯಾರ್ಥಿಗಳಲ್ಲೇ ಇದ್ದಾರೆ. ಮುಂದೆ ಓದುವ ಮನಸ್ಸಿದ್ದರೆ ಎಂಟೆಕ್ ಪ್ರವೇಶಕ್ಕಿರುವ ಗೇಟ್ ಪರೀಕ್ಷೆ ಬರೆ. 65 ಪ್ರಶ್ನೆ, ಮೂರು ಗಂಟೆ, ಸ್ಕೋರ್ ಮೂರು ವರ್ಷ ನಡೆಯುತ್ತದೆ.

ಬೆಳಗ್ಗೆ ತೋಟಕ್ಕೆ ಹೋಗುವ ಮೊದಲು ಎರಡು ಗಂಟೆ ಕೋಡಿಂಗ್‌ಗೆ ಇಡು, ಕರೆಂಟ್ ಹೋದ ದಿನ ಪೇಪರ್ ಮೇಲೆ ಮಾಡು. ಇಂಟರ್ವ್ಯೂನಲ್ಲಿ ಒಂದು ವರ್ಷ ಏನು ಮಾಡಿದೆ ಎಂದರೆ ತೋಟದ ಕೆಲಸ ಮುಚ್ಚಿಡಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳು. ಆ ಮದುವೆ ಮನೆಗಳಿಗೂ ಹೋಗು. ಕೇಳಿದವರಲ್ಲಿ ಒಬ್ಬರ ಮಗನೋ ಮಗಳೋ ಕಂಪನಿಯಲ್ಲಿದ್ದರೆ ನಂಬರ್ ತಗೊಂಡು, ರೆಫರ್ ಮಾಡ್ತೀಯಾ ಅಂತ ಕೇಳು. ಹತ್ತು ಅರ್ಜಿ ಹಾಕಿದ ಮೇಲೆ ಏನಾಯಿತು ಅಂತ ನನಗೆ ಮತ್ತೆ ಬರೆ, ರೆಸ್ಯೂಮೆಯನ್ನೂ ಜೊತೆಗೆ ಕಳಿಸು, ಓದಿ ಎಲ್ಲಿ ತಿದ್ದಬೇಕು ಅಂತ ಗುರುತು ಹಾಕಿ ಕಳಿಸುತ್ತೇನೆ.