‘ಈಗ ಚಲೋ ಬಂತೇನಪ್ಪ?’

ನಾನು ಆಪ್ತಸಮಾಲೋಚಕಿ. ಇದು ನನ್ನ ಹತ್ತಿರ ಬಂದ ಟಿವಿ ಸುದ್ದಿಯವರೊಬ್ಬರ ಕತೆ. ಇದನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಬರೆದ ಮೇಲೆ ಅವರಿಗೆ ಓದಿ ಹೇಳಿದೆ. ಎರಡು ಕಡೆ ಬೇಡ ಅಂದರು. ಅವನ್ನು ತೆಗೆದೆ.

ರಾಯಚೂರಿನಲ್ಲಿ ನನ್ನ ಹತ್ತಿರ ಟಿವಿ ಸುದ್ದಿಯ ಕೆಲಸದವರು ಬರುವುದು ಹೊಸದೇನಲ್ಲ. ಎರಡು ವರ್ಷದಲ್ಲಿ ಇವರು ನಾಲ್ಕನೆಯವರು. ನಾಲ್ವರೂ ಬಂದದ್ದು ನಿದ್ದೆ ಇಲ್ಲ ಅಂತ. ನಾಲ್ವರಿಗೂ ಮನೆಯಲ್ಲಿ ಹೇಳಿದ್ದು ಒಂದೇ ಮಾತು: ‘ಜಾಸ್ತಿ ಓಡಾಡ್ತೀರಿ, ಅದಕ್ಕೇ. ನಾಲ್ಕು ದಿನ ರಜೆ ಹಾಕಿ.’

ಇವರು ಫೀಲ್ಡ್ ಪ್ರೊಡ್ಯೂಸರ್. ಇವರ ಮುಖ ಪರದೆಯ ಮೇಲೆ ಕಾಣುವುದಿಲ್ಲ. ವರದಿಗಾರ ಎಲ್ಲಿ ನಿಲ್ಲಬೇಕು, ಯಾರ ಬೈಟ್, ಅಂದರೆ ಕ್ಯಾಮೆರಾ ಮುಂದಿನ ಮಾತು, ಮೊದಲು ತೆಗೆಯಬೇಕು, ದೃಶ್ಯ ನೇರವಾಗಿ ಕಳಿಸುವ ಲೈವ್ ಬ್ಯಾಕ್‌ಪ್ಯಾಕ್‌ಗೆ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಎಲ್ಲ ಇವರ ತಲೆ ಮೇಲೆ. ಒಂದು ಕಿವಿಯಲ್ಲಿ ಇಯರ್‌ಫೋನ್, ಅದರಲ್ಲಿ ಬೆಂಗಳೂರಿನ ಡೆಸ್ಕ್, ಅಂದರೆ ಕಚೇರಿಯಲ್ಲಿ ಕೂತು ಸುದ್ದಿ ಸಿದ್ಧ ಮಾಡುವವರು. ಇನ್ನೊಂದು ಕಿವಿ ಎದುರಿಗಿರುವ ಜನಕ್ಕೆ.

ಮೊದಲೆರಡು ಭೇಟಿ ಬರೀ ದಣಿವಿನ ಮಾತಾಯಿತು. ನನಗೆ ಯಾಕೋ ಅದು ಸರಿ ಅನಿಸಲಿಲ್ಲ. ಈ ಕೆಲಸದಲ್ಲಿ ತುಂಬಾ ದಣಿದದ್ದು ಯಾವಾಗ ಅಂತ ಕೇಳಿದೆ. ತಕ್ಷಣ ಹೇಳಿದರು, ತುಂಗಭದ್ರಾ ಡ್ಯಾಂ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿ ಹೋಯಿತಲ್ಲ, ತಾತ್ಕಾಲಿಕ ಗೇಟ್ ಇಳಿಸುವ ತನಕ ಇವರು ಅಲ್ಲೇ ಇದ್ದರು. ದಿನಕ್ಕೆ ಮೂರು ಗಂಟೆ ನಿದ್ದೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರೆಲ್ಲ ಟಿವಿ ಮುಂದೆ ಕೂತು ನಮ್ಮ ಬೆಳೆಗೆ ನೀರು ಉಳಿಯುತ್ತಾ ಅಂತ ಕಾಯುತ್ತಿದ್ದ ವಾರ ಅದು. ‘ಆ ಮೂರು ಗಂಟೆ ಕಲ್ಲಿನ ಹಾಗೆ ಮಲಗ್ತಿದ್ದೆ ಮೇಡಂ’ ಅಂದರು. ಹೇಳುವಾಗ ಮುಖ ಅರಳಿತ್ತು.

ಅಂದರೆ ಇದು ದಣಿವಲ್ಲ. ದಣಿದ ಮನುಷ್ಯ ಮಲಗುತ್ತಾನೆ. ಇವರು ಮಲಗಲು ಹೆದರುತ್ತಿದ್ದರು.

ಮೂರನೇ ಭೇಟಿಯಲ್ಲಿ ಹೇಳಿದರು. ಎಡದಂಡೆ ಕಾಲುವೆಯ ಪಕ್ಕದ ಒಂದು ಹಳ್ಳಿ. ಈಜಲು ಹೋದ ಹುಡುಗ ಮುಳುಗಿದ್ದ. ಶವ ಸಿಕ್ಕು ಎರಡು ಗಂಟೆಯೂ ಆಗಿರಲಿಲ್ಲ. ತಾಯಿ ಅಂಗಳದಲ್ಲಿ ಕೂತಿದ್ದರು. ಕೇಳಿದಾಗ ಮಾತಾಡಲು ಒಪ್ಪಿದರು. ಮುಂಜಾನಿ ರೊಟ್ಟಿ ತಿಂದು ಹೋದ, ಇನ್ನೊಂದು ಬೇಕು ಅಂದ, ಬಂದು ತಿನ್ನು ಅಂದೆ ಅಂತ ಹೇಳಿ ಅತ್ತರು. ಅಷ್ಟರಲ್ಲಿ ಹಿಂದೆ ಒಂದು ಟ್ರ್ಯಾಕ್ಟರ್ ಹೋಯಿತು. ಇಯರ್‌ಫೋನಿನಲ್ಲಿ ಡೆಸ್ಕ್ ಹೇಳಿತು, ಆಡಿಯೋ ಕೆಟ್ಟಿದೆ, ಇನ್ನೊಂದು ಟೇಕ್ ತೆಗೀರಿ.

‘ನಾನು ಕೇಳಿದೆ ಮೇಡಂ. ಅಮ್ಮಾ, ಇನ್ನೊಂದ್ಸಲ ಹೇಳ್ತೀರಾ ಅಂತ.’

ಆ ತಾಯಿ ಮುಖ ಒರೆಸಿಕೊಂಡರು. ಸೆರಗು ಸರಿ ಮಾಡಿಕೊಂಡರು. ಎಲ್ಲಿ ನೋಡಬೇಕು ಅಂತ ಕೇಳಿದರು. ಆಮೇಲೆ ಅದೇ ರೊಟ್ಟಿ, ಅದೇ ಮಾತು, ಅದೇ ಜಾಗದಲ್ಲಿ ಅಳು. ಮುಗಿದ ಮೇಲೆ ಇವರ ಕಡೆ ತಿರುಗಿದರು.

‘ಈಗ ಚಲೋ ಬಂತೇನಪ್ಪ?’

ಇವರು ಅಂದರು, ‘ಬಂತಮ್ಮ. ಚಲೋ ಬಂತು.’

ಇದನ್ನು ಹೇಳಿ ಬಹಳ ಹೊತ್ತು ಸುಮ್ಮನಿದ್ದರು. ‘ಅಕಿ ನನಗ ಬೈಬೇಕಿತ್ತು ಮೇಡಂ. ಬೈದಿದ್ರ ಮರೀತಿದ್ದೆ. ಮಗ ಸತ್ತಾನ, ಆದ್ರೂ ನನ್ನ ಕೆಲಸ ಕೆಡಬಾರದು ಅಂತ ನೋಡಿದ್ಲು.’ ಅಲ್ಲಿಯವರೆಗೆ ನನ್ನ ಜೊತೆ ಟಿವಿಯ ಕನ್ನಡ ಮಾತಾಡುತ್ತಿದ್ದವರು ಈ ಮಾತನ್ನು ಮನೆಯ ಕನ್ನಡದಲ್ಲಿ ಹೇಳಿದರು.

‘ಅದು ನಿಮ್ಮ ತಪ್ಪಲ್ಲ’ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಮನೆಯವರೂ ಗೆಳೆಯರೂ ಮೊದಲು ಕೊಡುವ ಸಮಾಧಾನ ಇದೇ. ಇವರ ಹೆಂಡತಿ ಹೇಳಿದ್ದರು. ಕ್ಯಾಮೆರಾಮ್ಯಾನ್ ಹೇಳಿದ್ದ. ಡೆಸ್ಕಿನ ಹಿರಿಯರೂ ಹೇಳಿದ್ದರು. ಪ್ರತಿ ಸಲ ಇವರು ಇನ್ನಷ್ಟು ಒಂಟಿಯಾಗಿದ್ದರು. ತಾನು ಒಂದು ಕೆಲಸ ಮಾಡಿದ್ದೇನೆ ಅಂತ ಇವರಿಗೆ ಗೊತ್ತು. ಅದನ್ನು ಇಲ್ಲ ಅಂದವರ ಹತ್ತಿರ ಮುಂದೆ ಮಾತಾಡಲು ಏನೂ ಉಳಿಯುವುದಿಲ್ಲ. ನಾನು ಹೇಳಿದ್ದು ಇಷ್ಟು: ‘ಹೌದು, ಕೇಳಬಾರದಿತ್ತು.’ ಅವರು ತಲೆ ಎತ್ತಿ ನೋಡಿದರು. ಆಮೇಲೆ ಅತ್ತರು.

ನೋವಿನ ಸುದ್ದಿಗೆ ಹೋಗುವವರ ಮನಸ್ಸಿಗೂ ಪೆಟ್ಟು ಬೀಳುತ್ತದೆ. ಇದನ್ನು ವೈದ್ಯಕೀಯವೂ ಒಪ್ಪಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಡಿಎಸ್‌ಎಂ-5 ಕೈಪಿಡಿ, ಕೆಲಸದ ಕಾರಣಕ್ಕೆ ಬೇರೆಯವರ ಭೀಕರ ಅನುಭವದ ವಿವರಗಳಿಗೆ ಮತ್ತೆ ಮತ್ತೆ ಒಡ್ಡಿಕೊಳ್ಳುವವರನ್ನೂ ಆಘಾತದ ಪಟ್ಟಿಯಲ್ಲಿ ಸೇರಿಸಿದೆ. ಕೆಲಸಕ್ಕಾಗಿ ಪರದೆಯ ಮೇಲೆ ನೋಡಿದರೂ ಅದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಡೆಸ್ಕಿನಲ್ಲಿ ಕೂತು ಕಚ್ಚಾ ದೃಶ್ಯ ಕತ್ತರಿಸುವ ಎಡಿಟರ್ ಕೂಡ ‘ನನಗೇನಾಗಿದೆ, ನಾನು ನೋಡಿದ್ದಷ್ಟೇ’ ಅಂದುಕೊಳ್ಳಬೇಕಾಗಿಲ್ಲ. ಆದರೆ ಇವರದ್ದು ಬರೀ ನೋಡಿದ್ದರ ನೋವಲ್ಲ, ಮಾಡಿದ್ದರ ನೋವು. ತಾನು ನಂಬಿದ್ದಕ್ಕೆ ವಿರುದ್ಧವಾಗಿ ತನ್ನ ಕೈಯೇ ನಡೆದುಕೊಂಡಾಗ ಆಗುವ ಗಾಯ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಕೊಟ್ಟ ಮನೋವೈದ್ಯ ಜೊನಾಥನ್ ಶೇ, ಅಧಿಕಾರದಲ್ಲಿ ಇದ್ದವರು ಸರಿಯಾದದ್ದಕ್ಕೆ ದ್ರೋಹ ಮಾಡಿದಾಗ ಆಗುವ ನೋವನ್ನು ನೈತಿಕ ಗಾಯ ಎಂಬ ಅರ್ಥದ ಹೆಸರಿನಿಂದ ಕರೆದರು. ಆಮೇಲೆ ಬೇರೆಯವರು ಆ ಹೆಸರನ್ನು ಇಂಥದ್ದಕ್ಕೂ ಬಳಸಿದರು. ರಜೆ ಹಾಕಿದರೆ ಅದು ಹೋಗುವುದಿಲ್ಲ.

ಮುಂದಿನ ವಾರ ಇವರು ಒಂದು ತೀರ್ಮಾನ ಮಾಡಿಕೊಂಡು ಬಂದಿದ್ದರು. ಭಾನುವಾರ ಆ ಹಳ್ಳಿಗೆ ಹೋಗುತ್ತೇನೆ, ಆ ತಾಯಿಯ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತೇನೆ.

ನಾನು ಬೇಡ ಅಂದೆ.

‘ನೀವು ಹೋದರೆ ಆಕೆ ಏನು ಮಾಡ್ತಾರೆ?’

ಸ್ವಲ್ಪ ಯೋಚಿಸಿದರು. ‘ಕುಂಡ್ರಸ್ತಾಳ. ಚಾ ಮಾಡ್ತಾಳ. ಇರ್ಲಿ ಬಿಡಪ್ಪ ಅಂತಾಳ.’

‘ಆಮೇಲೆ?’

‘ಮಗನ ಮಾತು ತಗೀತಾಳ.’ ಅಲ್ಲಿಗೆ ನಿಂತರು. ಆಮೇಲೆ ಮೆಲ್ಲಗೆ ಅವರೇ ಅಂದರು, ‘ಮೂರನೇ ಟೇಕ್.’

ನನಗೆ ಹತ್ತಿರದ ಒಬ್ಬ ಸಹೋದ್ಯೋಗಿ ಈ ಸಲಹೆಯನ್ನು ಒಪ್ಪಲಿಲ್ಲ. ಕ್ಷಮೆ ಕೇಳುವ ಹಕ್ಕನ್ನೇ ನೀನು ಕಿತ್ತುಕೊಂಡೆ ಅಂದರು. ನಾನು ಹಾಗೆ ನೋಡುವುದಿಲ್ಲ. ಆ ತಾಯಿ ಕರೆದರೆ ಇವರು ಓಡಿ ಹೋಗಬೇಕು. ಕರೆಯದೆ ಹೋದರೆ, ತನ್ನ ನಿದ್ದೆಗಾಗಿ ಆಕೆಯನ್ನು ಇನ್ನೊಮ್ಮೆ ಆ ಅಂಗಳದಲ್ಲಿ ಕೂರಿಸಿದ ಹಾಗೆ. ನಮ್ಮ ಕಡೆಯ ಹಳ್ಳಿಯ ಹೆಂಗಸು ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನುವುದಿಲ್ಲ. ಮೊದಲ ದಿನ ಆಗಿದ್ದೂ ಅದೇ ಅಲ್ವಾ? ಕ್ಷಮೆ ದೊಡ್ಡದು, ಒಪ್ಪುತ್ತೇನೆ. ಆದರೆ ಅದನ್ನು ಕೊಡುವ ಕೆಲಸ ಆಕೆಯ ಮೇಲೆ ಬೀಳುತ್ತದೆ. ಈ ಮಾತಿನ ಮೇಲೆ ನಾನು ಈಗಲೂ ಗಟ್ಟಿಯಾಗಿ ನಿಂತಿದ್ದೇನೆ.

ಹಾಗಾದರೆ ಏನು ಮಾಡಲಿ ಅಂತ ಕೇಳಿದರು. ಆಕೆಗೆ ಗೊತ್ತೇ ಆಗದ ಹಾಗೆ, ಆಕೆಯಿಂದ ಏನೂ ಬೇಡದೆ, ಆಕೆಗಾಗಿ ಮಾಡಬಹುದಾದ್ದು ಏನಾದರೂ ನಿಮ್ಮ ಕೈಯಲ್ಲಿ ಇದೆಯಾ ಅಂದೆ. ಆಗ ಅವರಿಗೆ ಹೊಳೆಯಿತು, ಆ ಎರಡನೇ ಟೇಕ್ ಇನ್ನೂ ಚಾನೆಲ್‌ನ ಸಂಗ್ರಹದಲ್ಲಿದೆ. ನಾಳೆ ಇನ್ಯಾವುದೋ ಕಾಲುವೆಯಲ್ಲಿ ಇನ್ಯಾವುದೋ ಮಗು ಮುಳುಗಿದರೆ, ಹೊಸ ದೃಶ್ಯ ಬರುವ ತನಕ ಫೈಲ್ ಶಾಟ್, ಅಂದರೆ ಹಳೆಯ ದೃಶ್ಯ, ಅಂತ ಈ ತಾಯಿಯನ್ನೇ ಅಳಿಸುತ್ತಾರೆ. ಬೇರೆಯವರ ಸಾವಿಗೆ. ಅದನ್ನು ಮರುಬಳಕೆ ಮಾಡಬಾರದು ಅಂತ ಗುರುತು ಹಾಕಿಸಿ ಅಂದೆ. ಬಾಯಲ್ಲಿ ಹೇಳಬೇಡಿ, ಮೇಲ್ ಬರೆಯಿರಿ.

ಕೆಲಸ ಬಿಡಿ ಅಂತ ನಾನು ಹೇಳಲಿಲ್ಲ. ಹೆಂಡತಿಗೆ ಇದರಿಂದ ಬೇಸರವಾಯಿತು. ಆದರೆ ಇವರು ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ, ಅವರೂ ಇನ್ನೊಂದ್ಸಲ ಅನ್ನುತ್ತಾರೆ. ಅಂಗಳದಲ್ಲಿ ಬೇಡ ಅನ್ನುವ ಅಧಿಕಾರ ವರದಿಗಾರನಿಗಿಂತ, ಕ್ಯಾಮೆರಾದವನಿಗಿಂತ ಜಾಸ್ತಿ ಇರುವುದು ಫೀಲ್ಡ್ ಪ್ರೊಡ್ಯೂಸರ್‌ಗೆ.

ಈ ಕೆಲಸದಲ್ಲಿ ಇರುವ ಎಲ್ಲರಿಗೂ ನನ್ನದೊಂದು ಬೇಡಿಕೆ. ಸಾವಿನ ಮನೆಯವರ ಹತ್ತಿರ ಮಾತಾಡುವ ಮೊದಲು ಇಯರ್‌ಫೋನ್ ತೆಗೆದು ಜೇಬಿಗೆ ಹಾಕಿ. ಅದು ಕಿವಿಯಲ್ಲಿ ಇರುವ ತನಕ ನೀವು ಬೆಂಗಳೂರಿನಲ್ಲಿರುತ್ತೀರಿ, ಅವರ ಮುಂದೆ ಇರುವುದಿಲ್ಲ. ಮಾತಾಡುವುದು ಬೇಡ ಅನಿಸಿದರೆ ಬೇಡ ಅನ್ನಬಹುದು ಅಂತ ಅವರಿಗೆ ಮೊದಲೇ ಹೇಳಿ. ನಮ್ಮ ಜನಕ್ಕೆ ಇದು ಗೊತ್ತಿರುವುದಿಲ್ಲ, ಮೈಕ್ ಹಿಡಿದವರನ್ನು ಸರ್ಕಾರದವರು ಅಂದುಕೊಳ್ಳುವವರೂ ಇದ್ದಾರೆ. ಒಂದೇ ಸಲ ತೆಗೆಯುತ್ತೇವೆ ಅಂತ ಹೊರಡುವ ಮೊದಲೇ ಡೆಸ್ಕಿಗೆ ತಿಳಿಸಿ. ಆಡಿಯೋ ಕೆಟ್ಟರೆ ಕೆಳಗೆ ಅಕ್ಷರ ಹಾಕಲಿ. ಡೆಸ್ಕಿನವರೇ, ನೀವೂ ಕೇಳಿ: ಸ್ಥಳದಲ್ಲಿ ಇರುವವರು ಸಾಕು ಅಂದರೆ ಸಾಕು.

ನಿದ್ದೆ ಪೂರ್ತಿ ಕೆಟ್ಟಿದ್ದರಿಂದ ಇವರನ್ನು ಮನೋವೈದ್ಯರ ಹತ್ತಿರವೂ ಕಳಿಸಿದೆ. ಕೆಲವು ವಾರ ಮಾತ್ರೆ ತೆಗೆದುಕೊಂಡರು. ರಾತ್ರಿ ಹೊತ್ತಿನಲ್ಲಿ ಯಾರೂ ಸಿಗದಿದ್ದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟೆ. ಅದು ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎರಡು ಸಲ ಮಾಡಿದರಂತೆ.

ಮೇಲ್‌ಗೆ ಬಹಳ ದಿನ ಉತ್ತರ ಬರಲಿಲ್ಲ. ಮತ್ತೆ ಬರೆದರು. ‘ನೋಡ್ತೀವಿ’ ಅಂತ ಒಂದು ಸಾಲು ಬಂತು. ಅದಾಗಿ ಸುಮಾರು ಎರಡು ತಿಂಗಳಿಗೆ ಬೇರೆ ಕಡೆ ಇಬ್ಬರು ಮಕ್ಕಳು ನೀರಿಗೆ ಬಿದ್ದ ಸುದ್ದಿ ಬಂತು. ಅಂದು ಇವರಿಗೆ ರಜೆ. ಮನೆಯಲ್ಲಿ ಟಿವಿ ಮುಂದೆ ಕೂತು, ಸಂಜೆಯಿಂದ ರಾತ್ರಿವರೆಗೆ ಒಂದೊಂದೂ ಬುಲೆಟಿನ್ ನೋಡಿದ್ದಾರೆ. ರಾತ್ರಿ ಹತ್ತೂವರೆಗೆ ನನಗೆ ಫೋನ್ ಬಂತು.

‘ಬರಲಿಲ್ಲ ಮೇಡಂ’ ಅಂದರು. ‘ಕಾಲುವೆ ತೋರಿಸಿದ್ರು. ಅಕಿ ಬರಲಿಲ್ಲ.’