ಪೈಲಟ್ ಆದವರಿಗೂ ಹಡಗು ಸಿಗುತ್ತದೆ

‘ನೌಕಾಪಡೆಯಲ್ಲಿ ಪೈಲಟ್ ಆದರೆ ಹಡಗಿನ ಮುಖ್ಯಸ್ಥನಾಗುವ ದಾರಿ ಮುಚ್ಚುತ್ತದೆಯೇ?’ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಅಡ್ಮಿರಲ್ ಅರುಣ್ ಪ್ರಕಾಶ್ ಅವರ ವೃತ್ತಿಜೀವನವನ್ನೇ ನೋಡಿ. 1971ರ ಯುದ್ಧದಲ್ಲಿ ಅವರು ವಾಯುಪಡೆಯ 20ನೇ ಸ್ಕ್ವಾಡ್ರನ್‌ನಲ್ಲಿ ಹಂಟರ್ ಯುದ್ಧವಿಮಾನ ಹಾರಿಸಿ ವೀರಚಕ್ರ ಪಡೆದರು, ಅದೂ ನೌಕಾಪಡೆಯ ಅಧಿಕಾರಿಯಾಗಿದ್ದುಕೊಂಡೇ! 1983ರಲ್ಲಿ ನಮ್ಮ ಮೊದಲ ಸೀ ಹ್ಯಾರಿಯರ್ ಸ್ಕ್ವಾಡ್ರನ್ನಿನ ನೇತೃತ್ವ ವಹಿಸಿದರು. ಚಲಿಸುವ ಹಡಗಿನ ಪಕ್ಕದಲ್ಲಿ ಅದರದೇ ವೇಗಕ್ಕೆ ಹೊಂದಿಕೊಂಡು ಗಾಳಿಯಲ್ಲಿ ನಿಂತು, ಮೆಲ್ಲನೆ ಅಡ್ಡಕ್ಕೆ ಸರಿದು, ನೇರ ಕೆಳಗಿಳಿಯುವ ವಿಮಾನವದು. ಹಡಗಿನ ನಡೆ ಅರಿಯದವನಿಗೆ ಒಲಿಯುವುದಿಲ್ಲ. ಮುಂದೆ ವಿಮಾನವಾಹಕ ಹಡಗು ಐಎನ್‌ಎಸ್ ವಿರಾಟ್‌ನ ಕಮಾಂಡ್, 2004ರಿಂದ 2006ರವರೆಗೆ ನೌಕಾಪಡೆಯ ಮುಖ್ಯಸ್ಥರ ಹುದ್ದೆ. ಅವರಿಗಿಂತ ಮೊದಲೇ ಅಡ್ಮಿರಲ್ ತಹಿಲಿಯಾನಿ ಅವರೂ ಪೈಲಟ್ ಆಗಿದ್ದು ಆ ಹುದ್ದೆಗೇರಿದ್ದರು. ಧೈರ್ಯವಾಗಿ ಅರ್ಜಿ ಹಾಕಿ.